ಗುಡ್ಡದ ಮೇಲಿನ ಹೊಲಗಳು

ಆ ಕಣಿವೆಯನ್ನು ನಾನು ಕಣ್ಣಾರೆ ನೋಡಿಲ್ಲ. ಇಂಗ್ಲೆಂಡಿನ ಉತ್ತರದಲ್ಲಿದೆ, ಒಂದು ಕಾಲಕ್ಕೆ ಅಲ್ಲಿ ಸೀಸದ ಗಣಿಗಳಿದ್ದವು ಎನ್ನುವುದು ಗೊತ್ತು. ಆದರೂ ಅದರ ಕೆಳಗಿನ ಅರ್ಧದ ನಕ್ಷೆ ಆದದ್ದು ನನ್ನ ಕೈಯಿಂದ, ನೈರೋಬಿಯಲ್ಲಿ, ಮುಥೈಗಾದ ಒಂದು ಹಳೆಯ ಊಟದ ಮೇಜಿನ ಮೇಲೆ. ಮೇಲಿನ ಅರ್ಧವನ್ನೂ ಬರೆದಿದ್ದೆ. ಆ ಹಾಳೆ ಈಗ ಇಲ್ಲ. ಅದು ಹೋದ ಗಳಿಗೆಯನ್ನು ನಾನು ದಿನಕ್ಕೊಮ್ಮೆಯಾದರೂ ಮತ್ತೆ ನೋಡುತ್ತೇನೆ. ನೋಡಬೇಕೆಂದು ಕೂತು ನೋಡುವುದಲ್ಲ. ಅಕ್ಕಿ ತೊಳೆಯುತ್ತಿರುತ್ತೇನೆ, ಯಾರೋ ಪಕ್ಕದ ಮನೆಯ ಬಾಗಿಲು ತಟ್ಟುತ್ತಾರೆ, ಅಷ್ಟು ಸಾಕು.

ಗಂಡನಿಗೆ ಟೆಲಿಕಾಂ ಕಂಪನಿಯ ಪೋಸ್ಟಿಂಗ್ ಆಗಿ ನಾವು ನೈರೋಬಿಯ ಲ್ಯಾವಿಂಗ್ಟನ್‌ಗೆ ಬಂದೆವು. ನನ್ನದು ಡಿಪೆಂಡೆಂಟ್ ಪಾಸು, ಸಂಬಳಕ್ಕೆ ದುಡಿಯುವಂತಿಲ್ಲ. ಮೈಸೂರಿನಲ್ಲಿ ಭೂಗೋಳ ಓದಿ, ಬೆಂಗಳೂರಿನ ಒಂದು ಆಫೀಸಿನಲ್ಲಿ ಹಳೆಯ ನಕ್ಷೆಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಮಾಡಿದವಳಿಗೆ ಮಧ್ಯಾಹ್ನಗಳು ಬಹಳ ಉದ್ದವಾಗಿದ್ದವು. ಊರು ತಿಳಿಯಲೆಂದು ನಕ್ಷೆ ಮಾರುವ ಸರಕಾರಿ ಕಚೇರಿಗೆ ಹೋಗಿ ಒಂದು ಹಾಳೆ ಕೊಂಡು ಮಡಚುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಬಿಳಿಯ ಮುದುಕರೊಬ್ಬರು ನನ್ನ ಕೈಯನ್ನೇ ನೋಡುತ್ತಿದ್ದರು.

"ನಕ್ಷೆ ಮಡಚೋಕೆ ಬರೋ ಒಬ್ಬರನ್ನ ಈ ದೇಶದಲ್ಲಿ ಕೊನೆಗೂ ನೋಡಿದೆ," ಅಂದರು. ಅವರ ಇಂಗ್ಲಿಷನ್ನು ನಾನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಎಲ್ಲಿಂದ ಬಂದವಳು ನೀನು, ಹುಡುಗಿ?"

ಕೋಲಾರದ ಚಿನ್ನದ ಗಣಿ ಇದ್ದ ಊರಿಂದ ಅಂದೆ. ಅವರು ತಮ್ಮ ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

ಅವರು ಚಿಕ್ಕ ವಯಸ್ಸಿನಲ್ಲೇ ಸರ್ವೇಯರ್ ಆಗಿ ಕೀನ್ಯಾಕ್ಕೆ ಬಂದವರು. ರಸ್ತೆಗಳಿಗೆ ಅಳತೆ ಹಾಕುತ್ತ ಇಲ್ಲೇ ಉಳಿದವರು. ಹೆಂಡತಿ ತೀರಿಕೊಂಡ ಮೇಲೆ ಮುಥೈಗಾದಲ್ಲಿ, ದೊಡ್ಡದೊಂದು ಬಂಗಲೆಯ ಹಿಂದಿನ ಸಣ್ಣ ಮನೆಯಲ್ಲಿ ಬಾಡಿಗೆಗಿದ್ದರು. ಹುಟ್ಟಿದ್ದು ಆ ಕಣಿವೆಯ ತೀರಾ ಮೇಲಿನ ಮನೆಯಲ್ಲಿ. ಅಲ್ಲಿನ ಗಣಿಯವರು ಬರೀ ಗಣಿಯವರಲ್ಲ, ಬೇಸಾಯದವರೂ ಹೌದು. ಪಾಳಿ ಮುಗಿಸಿ ಬಂದು ಗುಡ್ಡದ ಬಂಜರಿನಲ್ಲಿ ಒಂದೊಂದು ತುಂಡು ನೆಲ ಹಸನು ಮಾಡಿ, ಗಣಿಯಿಂದ ಹೊರಬಿದ್ದ ಕಲ್ಲಿನಲ್ಲೇ ಗೋಡೆ ಕಟ್ಟಿ, ಒಂದು ಹಸುವನ್ನೋ ನಾಲ್ಕು ಕುರಿಗಳನ್ನೋ ಸಾಕುತ್ತಿದ್ದರು. ಗಣಿ ಮುಚ್ಚಿತು. ಜನ ಇಳಿದು ಹೋದರು. ಗೋಡೆಗಳು ಬಿದ್ದವು.

ಈಗ ಅಲ್ಲಿ ಕೆಲವರು ಆ ಕಣಿವೆಯ ಹೊಲ, ಗೋಡೆ, ನೀರಿನ ಕಾಲುವೆ, ಗಣಿಯ ಬಾಯಿ ಎಲ್ಲವನ್ನೂ ಅಳೆದು, ಕಾಪಾಡಬೇಕಾದ ನೆಲವೆಂದು ಒಂದು ಎಲ್ಲೆ ಹಾಕುವ ಕೆಲಸ ಹಿಡಿದಿದ್ದರು. ಕೆಳಗಿನ ಹೊಲಗಳ ಬಗ್ಗೆ ತಕರಾರಿರಲಿಲ್ಲ, ಗೋಡೆಗಳು ಇನ್ನೂ ನಿಂತಿದ್ದವು. ಮೇಲಿನ ಇಳಿಜಾರು ಹಾಗಲ್ಲ. ವಿಮಾನದಿಂದ ತೆಗೆದ ಫೋಟೋದಲ್ಲಿ ಅದು ಚೆಲ್ಲಾಪಿಲ್ಲಿ ಕಲ್ಲು, ಅಷ್ಟೇ. ಯಾವುದು ಬಿದ್ದ ಗೋಡೆ, ಯಾವುದು ಗಣಿಯ ಕಸ ಎಂದು ತಿಳಿಯುವಂತಿರಲಿಲ್ಲ. ಆ ಭಾಗದ ಒಡೆಯರು ಕಲ್ಲನ್ನೆಲ್ಲ ಎತ್ತಿಸಿ ಮರ ಬೆಳೆಸಬೇಕೆಂದಿದ್ದರು. ಅಲ್ಲಿ ಹೊಲಗಳಿದ್ದವು, ಇಂಥ ಕಡೆ ಇದ್ದವು ಎಂದು ಯಾರಾದರೂ ತೋರಿಸಿದರೆ ಎಲ್ಲೆ ಮೇಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಕೆಳಗೇ ನಿಲ್ಲುತ್ತದೆ. ತೋರಿಸಬಲ್ಲವರಲ್ಲಿ ಬದುಕಿದ್ದವರು ಈ ಮುದುಕರೊಬ್ಬರೇ. ಅವರ ಕೈ ನಡುಗುತ್ತಿತ್ತು, ಗೆರೆ ಎಳೆಯಲಾಗುತ್ತಿರಲಿಲ್ಲ. ಹಾಗಾಗಿ ಗೆರೆ ನನ್ನದಾಯಿತು.

ಗುರುವಾರಗಳಂದು ಹೋಗುತ್ತಿದ್ದೆ. ಫೋಟೋದ ಮೇಲೆ ಪಾರದರ್ಶಕ ಹಾಳೆ ಹಾಸಿ ನಾಲ್ಕು ಮೂಲೆಗೂ ಟೇಪು ಹಚ್ಚುತ್ತಿದ್ದೆವು. ಆ ಕೆಲಸದಲ್ಲೊಂದು ಕಟ್ಟುಪಾಡಿತ್ತು. ನೆಲದ ಮೇಲೆ ಕಣ್ಣಿಗೆ ಕಾಣುವುದಕ್ಕೆ ತುಂಬು ಗೆರೆ. ಕಾಣದೆ ಹೋದದ್ದನ್ನು ಅಲ್ಲಿ ಬದುಕಿದವರು ತಾವೇ ಬೆರಳಿಟ್ಟು ತೋರಿಸಿದರೆ ತುಂಡು ತುಂಡು ಗೆರೆ. ಅವರು ಹೇಳಿದ್ದನ್ನು ಕೇಳಿದವರು ಹೇಳಿದರೆ ಗೆರೆಯೇ ಇಲ್ಲ. ಇಂಗ್ಲೆಂಡಿನಲ್ಲಿ ಈ ಕೆಲಸ ನಡೆಸುತ್ತಿದ್ದ ಹೆಂಗಸು ಇದನ್ನು ಮೊದಲ ಫೋನಿನಲ್ಲೇ ನನಗೆ ಹೇಳಿದ್ದರು. ಮುದುಕರಿಗೂ ಇದು ಗೊತ್ತಿತ್ತು. ಬೆರಳಿಡುವ ಮುಂಚೆ ಅದನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದರು.

"ಇಲ್ಲಿಂದ ಇಲ್ಲಿಗೆ ಬರೀತಾ ಹೋಗು. ಇಲ್ಲಿ ಗೋಡೆ ಡೊಂಕು. ಕಟ್ಟಿದವನು ಕುಡುಕ."

"ಕುಡುಕ ಅಂತ ಬರೆಯೋಕೆ ಯಾವ ಗೆರೆ?"

"ಅದಕ್ಕೂ ತುಂಡು ಗೆರೆನೇ. ನಾನೊಬ್ಬನೇ ನೋಡಿದ್ದು."

ಗುಡ್ಡದ ನೆತ್ತಿಯಲ್ಲಿ ಹುಲ್ಲುಹೆಂಟೆಯ ಕಟ್ಟೆ ಕಟ್ಟಿ, ಮಳೆನೀರು ನಿಲ್ಲಿಸಿ, ಒಮ್ಮೆಗೇ ಬಿಟ್ಟು ಮಣ್ಣನ್ನೆಲ್ಲ ಕೊಚ್ಚಿ ಹಾಕಿ ಸೀಸದ ಎಳೆ ಹುಡುಕುತ್ತಿದ್ದ ಕಾಲದ ಕಂದರವನ್ನು ಅವರು ತೋರಿಸಿದರು. ಗಣಿಯ ಕಸದ ದಿಬ್ಬಗಳ ಮೇಲೆ ಬೇರೇನೂ ಬೆಳೆಯದಿದ್ದರೂ ಒಂದು ಬಗೆಯ ಸಣ್ಣ ಹಳದಿ ಹೂ ಬೆಳೆಯುತ್ತಿತ್ತಂತೆ. ಅವರ ತಾಯಿ ಅದನ್ನು ಕಿತ್ತು ಮನೆಯೊಳಗೆ ತರಲು ಬಿಡುತ್ತಿರಲಿಲ್ಲವಂತೆ. ನಾನು ನಮ್ಮೂರಿನ ಗಣಿಯ ಕಸದ ಸಯನೈಡ್ ದಿಬ್ಬಗಳ ಬಗ್ಗೆ ಹೇಳಿದೆ. ಗಾಳಿಯ ದಿನಗಳಲ್ಲಿ ಒಣಹಾಕಿದ ಬಟ್ಟೆಯ ಮೇಲೆಲ್ಲ ಅದರ ಬಿಳಿ ಪುಡಿ ಕೂರುತ್ತಿತ್ತು, ಅಮ್ಮ ಬಟ್ಟೆ ಕೊಡವಿ ಕೊಡವಿ ಮಡಚುತ್ತಿದ್ದಳು.

"ನಿಮ್ಮೂರನ್ನ ಯಾರು ಬರೀತಿದ್ದಾರೆ?" ಎಂದು ಕೇಳಿದರು.

"ಯಾರೂ ಇಲ್ಲ."

ಅವರು ಚಹಾ ತರಲು ಎದ್ದು ಹೋದರು.

ಕೆಳಗಿನ ಹೊಲಗಳು ಮುಗಿದವು, ಕಾಲುವೆಗಳು ಮುಗಿದವು. ಆ ಹಾಳೆಗಳನ್ನು ಇಂಡಸ್ಟ್ರಿಯಲ್ ಏರಿಯಾದ ಒಂದು ಪ್ರೆಸ್ಸಿಗೆ ಒಯ್ದು, ಅಲ್ಲಿದ್ದ ದೊಡ್ಡ ಸ್ಕ್ಯಾನರಿನಲ್ಲಿ ತೆಗೆಸಿ, ಸಿ.ಡಿ. ಮಾಡಿ ಕೊರಿಯರ್‌ನಲ್ಲಿ ಕಳಿಸಿದ್ದೆ. ಇಂಟರ್‌ನೆಟ್ ಆಗ ಅಷ್ಟು ಭಾರ ಹೊರುತ್ತಿರಲಿಲ್ಲ. ಮೇಲಿನ ಹೊಲಗಳಿಗೆ ಬಂದಾಗ ಮಾತ್ರ ಅವರು "ಮುಂದಿನ ವಾರ" ಅನ್ನತೊಡಗಿದರು. ಬೆನ್ನು ನೋವು ಅಂದರು, ಮೋಡ ಕವಿದಿದೆ ಬೆಳಕು ಸಾಲದು ಅಂದರು. ಅವು ಅವರ ಮನೆಯ ಹೊಲಗಳು. ಹೇಳಿ ಮುಗಿಸಿದರೆ ಮತ್ತೆ ಹೇಳಲು ಏನೂ ಉಳಿಯುವುದಿಲ್ಲ ಎಂದಿರಬೇಕು. ಇಂಗ್ಲೆಂಡಿನಿಂದ ಫೋನ್ ಬಂತು: ಎಲ್ಲೆ ತೀರ್ಮಾನಿಸುವ ಸಭೆ ಹತ್ತಿರವಾಗಿದೆ, ಮೇಲಿನ ಹಾಳೆ ಇಲ್ಲದೆ ಏನೂ ಮಾಡಲಾಗದು. ಆ ಗುರುವಾರ ಬೆಳಿಗ್ಗೆ ಕೂತು, ಹೆಚ್ಚು ತಮಾಷೆಯಿಲ್ಲದೆ, ಒಂದೇ ಸಲಕ್ಕೆ ಬರೆಸಿದರು. ಬರೆದು ಮುಗಿಸಿ ನಾನು ಹಾಳೆಯನ್ನು ಸುರುಳಿ ಮಾಡಿ ಕೊಳವೆಗೆ ಹಾಕಿದೆ. ನಕ್ಷೆ ಇಡುವ ಕಪ್ಪು ಪ್ಲಾಸ್ಟಿಕ್ ಕೊಳವೆ, ಹೆಗಲಿಗೆ ಹಾಕಿಕೊಳ್ಳಲು ಪಟ್ಟಿ ಇತ್ತು.

"ಇದರಲ್ಲಿ ನನ್ನ ಮನೆ ಇದೆ. ಸ್ಕ್ಯಾನ್ ಮಾಡಿಸೋವಾಗ ನಾನೂ ಇರ್ತೀನಿ," ಎಂದು ಅವರೂ ಹೊರಟರು.

ನಮ್ಮ ಡ್ರೈವರ್ ಐವತ್ತು ದಾಟಿದ ಸಮಾಧಾನದ ಮನುಷ್ಯ. ಹಿರಿಯರಿಗೆ ಅಲ್ಲಿ ಮ್ಝೀ ಎನ್ನುತ್ತಾರೆ, ಅವನೂ ಅವರನ್ನು ಹಾಗೇ ಕರೆದು ಮುಂದಿನ ಸೀಟಿನಲ್ಲಿ ಕೂರಿಸಿದ. ಕೊಳವೆ ಅವರ ಮೊಣಕಾಲುಗಳ ನಡುವೆ ನಿಂತಿತ್ತು. ನಾನು ಅವರ ಹಿಂದೆ ಕೂತೆ. ಇಂಡಸ್ಟ್ರಿಯಲ್ ಏರಿಯಾದ ಬಾಯಲ್ಲೇ ಜಾಮ್. ಎರಡೂ ಕಡೆ ಲಾರಿಗಳು, ಮುಂದೊಂದು ಮಟಾಟು ವ್ಯಾನು, ನಡುವೆ ಬಾಳೆಹಣ್ಣು, ಪೇಪರು, ಮೊಬೈಲ್ ಚಾರ್ಜರ್ ಮಾರುವವರು. ಮುದುಕರು ಗಾಜು ಇಳಿಸಿದರು.

"ಮ್ಝೀ, ಗಾಜು ಏರಿಸಿ," ಅಂದ ಡ್ರೈವರ್.

"ಏರಿಸಿದ್ರೆ ಗಾಜಿನ ತೊಟ್ಟೀಲಿರೋ ಮೀನು ಆಗಿಬಿಡ್ತೀನಿ."

"ಈ ರಸ್ತೇಲಿ ಮೀನಾಗಿರೋದೇ ವಾಸಿ, ಮ್ಝೀ."

ಅವರು ನಕ್ಕು ಅರ್ಧ ಏರಿಸಿದರು. ಆಮೇಲೆ ನನ್ನ ಕಡೆ ಕತ್ತು ತಿರುಗಿಸಿ ಹೊಲಗಳ ಹೆಸರು ಹೇಳತೊಡಗಿದರು. ಹಾಳೆಯಲ್ಲಿ ಗೆರೆ ಇದ್ದವು, ಹೆಸರು ಬರೆಯುವುದು ಬಾಕಿಯಿತ್ತು. ಕೆಳಗಿಂದ ಮೇಲಕ್ಕೆ: ಚಳಿ ಮಗ್ಗುಲು. ಹಸಿವಿನ ದಿಬ್ಬ. ವಿಧವೆಯ ತುಂಡು, ಅವರ ತಂದೆ ಗಣಿಯ ದೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತ ಮೇಲೆ ಗಣಿ ಕಂಪನಿಯವರು ತಾಯಿಗೆ ಬಿಟ್ಟುಕೊಟ್ಟ ನೆಲ. ಅದರ ಮೇಲೆ, ಮನೆಗೆ ಅಂಟಿಕೊಂಡದ್ದು, ಕರುವಿನ ಹೊಲ.

"ನೋಡು ಹುಡುಗಿ, ಒಂದು ತಪ್ಪಾಗಿದೆ," ಅಂದರು. "ವಿಧವೆಯ ತುಂಡಿನ ಮೇಲಿನ ಗೋಡೆ ಇದೆಯಲ್ಲ, ಅದು ನಾನು ತೋರಿಸಿದ ಹಾಗೆ ಹೋಗಲ್ಲ. ಈಗ ನೆನಪಾಯ್ತು. ಅದು ಹೋಗೋದು..."

ಆಗ ಗಾಜಿನ ಮೇಲೆ ತಟ್ಟಿದರು. ಉಂಗುರದಿಂದ ತಟ್ಟಿದ ಹಾಗಿತ್ತು ಸದ್ದು. ಉಂಗುರವಲ್ಲ, ಪಿಸ್ತೂಲಿನ ಮೂತಿ.

ನೈರೋಬಿಗೆ ಬಂದ ಮೊದಲ ವಾರವೇ, ಮಂಗಳೂರಿನ ಹಿರಿಯ ಹೆಂಗಸೊಬ್ಬರು ನಮ್ಮನ್ನು ಊಟಕ್ಕೆ ಕರೆದು, ಮೀನುಸಾರಿನ ಜೊತೆಗೆ ಈ ಪಾಠವನ್ನೂ ಬಡಿಸಿದ್ದರು. "ಹಾಗೇನಾದ್ರೂ ಆದ್ರೆ ಕೈ ಕಾಣೋ ಹಾಗೆ ಇಡ್ಬೇಕು, ಕಣ್ಣು ಮಡಿಲ ಮೇಲೆ ಇಡ್ಬೇಕು. ಕೇಳಿದ್ದು ಕೊಡೋದು, ಕೇಳದ್ದನ್ನ ಮುಟ್ಟೋಕೆ ಹೋಗ್ಬಾರ್ದು. ಆಯ್ತಲ್ಲ ಮಗಾ?" ನಾನು ಹಾಗೇ ಮಾಡಿದೆ. ಕೈ ಸೀಟಿನ ಬೆನ್ನ ಮೇಲಿಟ್ಟೆ, ಕಣ್ಣು ಮಡಿಲಿಗೆ ಇಳಿಸಿದೆ. ಡ್ರೈವರ್ ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು, ಪರಿಚಯದವರ ಜೊತೆ ಮಾತಾಡುವ ದನಿಯಲ್ಲಿ ಸ್ವಾಹಿಲಿಯಲ್ಲಿ ಸಮಾಧಾನ ಹೇಳುತ್ತಿದ್ದ. ಇಬ್ಬರಿದ್ದರು. ಒಬ್ಬ ಡ್ರೈವರ್‌ನ ಕಡೆ, ಒಬ್ಬ ಮುದುಕರ ಕಡೆ. ಫೋನುಗಳು ಹೋದವು, ನನ್ನ ಚೀಲ ಹೋಯಿತು. ಇನ್ನೇನು ಮುಗಿಯಿತು ಅನ್ನುವಾಗ ಮುದುಕರ ಕೈ ಮೊಣಕಾಲಿನ ನಡುವೆ ಇಳಿಯಿತು.

ಅದು ಕೊಳವೆಯ ಮೇಲೆ ಹೋದದ್ದನ್ನು ನಾನು ಮಡಿಲಿನ ಕಡೆಯಿಂದಲೇ, ಸೀಟುಗಳ ಸಂದಿಯಲ್ಲಿ ನೋಡಿದೆ. ಅವರು ಏನನ್ನೂ ಎತ್ತಲಿಲ್ಲ. ಮಗುವಿನ ತಲೆಯ ಮೇಲೆ ಕೈಯಿಡುವ ಹಾಗೆ ಅದರ ಮುಚ್ಚಳದ ಮೇಲೆ ಕೈಯಿಟ್ಟರು, ಅಷ್ಟೇ. ಹೊರಗಿದ್ದವನಿಗೆ ಕಂಡದ್ದು ಕಪ್ಪು, ಉದ್ದ, ದುಂಡು. ಅವನು ಕೂಗಿದ. ಪಿಸ್ತೂಲನ್ನು ಒಳಗೆ ತೂರಿಸಿ ಅವರ ಕೆನ್ನೆಯ ಮೂಳೆಗೆ ಒತ್ತಿದ. ಅವನ ಮಣಿಕಟ್ಟಿನ ನರ ಎದ್ದುಬಂದಿತ್ತು, ಅದು ಹೊಡೆದುಕೊಳ್ಳುತ್ತಿದ್ದುದು ನನಗೆ ಕಾಣುತ್ತಿತ್ತು.

"ಸಿ ಬುಂದುಕಿ," ಅಂದರು ಮುದುಕರು. ಬಂದೂಕಲ್ಲ. ಅವರ ದನಿ ನಡುಗಲಿಲ್ಲ. "ನಿ ಶಾಂಬಾ." ಇದು ಹೊಲ.

ನಿಜವನ್ನೇ ಹೇಳಿದರು. ಆದರೆ ಆ ಊರಿನಲ್ಲಿ ಒಬ್ಬ ಬಿಳಿಯ ಮುದುಕ ಕೊಳವೆಯಲ್ಲಿಟ್ಟು ಪ್ರಾಣದ ಹಾಗೆ ಹಿಡಿದುಕೊಂಡ ಹೊಲವೆಂದರೆ ಜಮೀನಿನ ಪತ್ರವಲ್ಲದೆ ಇನ್ನೇನು ಎಂದು ಅವನಿಗೆ ಅನ್ನಿಸಿರಬೇಕು. ಜಮೀನಿನ ಮುಂದೆ ಫೋನು, ಚೀಲ ಯಾವ ಲೆಕ್ಕ. ಅವನು ಕೊಳವೆಯ ಪಟ್ಟಿಗೆ ಕೈಹಾಕಿ ಎಳೆದ. ಮುದುಕರು ಬಿಡಲಿಲ್ಲ. ಡ್ರೈವರ್ "ಬಿಡಿ ಮ್ಝೀ, ಬಿಡಿ," ಅನ್ನುತ್ತಿದ್ದ. ನಾನೂ ಅಂದೆನೇನೋ. ಪಿಸ್ತೂಲಿನ ಹಿಡಿಯಿಂದ ಅವರ ಹಣೆಗೆ ಒಂದೇ ಏಟು. ಕೈ ಸಡಿಲವಾಯಿತು. ಕೊಳವೆ ಕಿಟಕಿಯಿಂದ ಹೊರಗೆ ಹೋಗುವಾಗ ಗಾಜಿಗೆ ತಾಗಿ ಟೊಳ್ಳು ಸದ್ದು ಮಾಡಿತು. ಆ ಇಬ್ಬರೂ ಲಾರಿಗಳ ನಡುವೆ ಓಡಲಿಲ್ಲ, ನಡೆದೇ ಹೋದರು. ಕೊಳವೆ ಒಬ್ಬನ ಹೆಗಲಲ್ಲಿತ್ತು, ಕಾಲೇಜು ಹುಡುಗರು ತೂಗುಹಾಕಿಕೊಳ್ಳುವ ಹಾಗೆ.

ಗುಂಡು ಹಾರಲಿಲ್ಲ. ಇದನ್ನು ನನಗೆ ನಾನೇ ಎಷ್ಟೋ ಸಲ ಹೇಳಿಕೊಳ್ಳಬೇಕಾಗುತ್ತದೆ. ಮತ್ತೆ ಮತ್ತೆ ನೋಡುವಾಗ ಒಂದೊಂದು ಸಲ ಹಾರುತ್ತದೆ.

ಪೊಲೀಸ್ ಠಾಣೆಯಲ್ಲಿ ಬರೆಸಿದೆವು. ಕೊಳವೆಯಲ್ಲಿ ಏನಿತ್ತು ಎಂದು ಕೇಳಿದರು. ಇಂಗ್ಲೆಂಡಿನ ಹಳೆಯ ಹೊಲಗಳ ನಕ್ಷೆ ಅಂದೆ. ಬರೆಯುತ್ತಿದ್ದವನು ಪೆನ್ನು ನಿಲ್ಲಿಸಿ ನನ್ನನ್ನು ನೋಡಿದ. "ಮಮಾ, ಅದನ್ನ ತಗೊಂಡು ಅವರು ಏನು ಮಾಡ್ತಾರೆ?" ಅವನದು ಕುಹಕವಲ್ಲ, ನಿಜವಾಗಿ ತಿಳಿಯಲಿಲ್ಲ. ಮರುದಿನ ಡ್ರೈವರ್ ಒಬ್ಬನೇ ಹೋಗಿ ರೈಲುಹಳಿಯ ಪಕ್ಕದ ಚರಂಡಿಗಳನ್ನೆಲ್ಲ ನೋಡಿ ಬಂದ. ಬೇಡದ ಕಾಗದವನ್ನು ಅಲ್ಲೇ ಎಸೆಯುತ್ತಾರಂತೆ. ಜೋಳ ಸುಡುವ ಹೆಂಗಸಿನ ಹತ್ತಿರ ಕೊಳವೆಯ ಮುಚ್ಚಳ ಸಿಕ್ಕಿತ್ತು, ಅವಳು ಅದರಲ್ಲಿ ಉಪ್ಪು ಖಾರ ಕಲಸಿಟ್ಟುಕೊಂಡಿದ್ದಳು. ಅದನ್ನು ಅವಳಿಂದ ಕಿತ್ತುಕೊಂಡು ಬರಲು ಮನಸ್ಸಾಗಲಿಲ್ಲ ಅಂದ. ಸರಿ ಮಾಡಿದೆ ಅಂದೆ.

ಹಣೆಯ ಹೊಲಿಗೆ ಬಿಚ್ಚಿದ ಮೇಲೆ ಮುದುಕರು ನನ್ನನ್ನು ಕರೆಸಿದರು. ಹೊಸ ಹಾಳೆ ಹಾಸಿ ಟೇಪು ಹಚ್ಚಿದೆ. ಅವರು ಕುರ್ಚಿಯನ್ನು ಗೋಡೆಗೆ ಒತ್ತಿ ಹಾಕಿಕೊಂಡಿದ್ದರು, ಕಿಟಕಿಗೆ ಬೆನ್ನು ಕೊಡಲಾಗುತ್ತಿರಲಿಲ್ಲ. ಅಲ್ಲಿಂದ ಮೇಜು ದೂರವಾಗುತ್ತಿತ್ತು. ಬೆರಳು ಒರೆಸಿಕೊಂಡು ಚಾಚಿದರು. ಚಳಿ ಮಗ್ಗುಲಿನ ಕೆಳಮೂಲೆಗೆ ಬಂತು, ನಿಂತಿತು.

"ನೀನು ಆವತ್ತು ಕೇಳಿಸಿಕೊಂಡಿದ್ದೀಯಲ್ಲ, ಹುಡುಗಿ. ನಿನಗೆ ಗೊತ್ತಿದೆ."

"ನೀವು ಒಂದು ತಪ್ಪಾಗಿದೆ ಅಂದಿರಿ. ವಿಧವೆಯ ತುಂಡಿನ ಮೇಲಿನ ಗೋಡೆ. ಅದು ಬೇರೆ ಕಡೆ ಹೋಗುತ್ತೆ ಅಂದಿರಿ."

"ಅಂದೆನಾ?"

ಅವರು ಬಹಳ ಹೊತ್ತು ಫೋಟೋ ನೋಡಿದರು. ಆ ಕಲ್ಲಿನ ರಾಶಿಯಲ್ಲಿ ಅವರಿಗೆ ಮೊದಲು ಕಾಣುತ್ತಿದ್ದದ್ದು ಈಗ ಕಾಣುತ್ತಿಲ್ಲ ಎನ್ನುವುದು ಅವರ ಮುಖದಲ್ಲಿ ನನಗೆ ತಿಳಿಯಿತು. "ಇಲ್ಲಿಗೆ ಬಂದ ಕೂಡಲೇ ಅವನ ಕೈ ಕಾಣುತ್ತೆ," ಅಂದರು. ನನಗೂ ಹಾಗೇ ಅಂದೆ. ಇಬ್ಬರೂ ಒಂದೇ ಕಡೆ ನಿಂತುಬಿಟ್ಟಿದ್ದೆವು. ಇನ್ನೆರಡು ಗುರುವಾರ ಕೂತೆವು, ಚಹಾ ಕುಡಿದೆವು. ಹಾಳೆಯ ಮೇಲೆ ಗೆರೆ ಬರಲಿಲ್ಲ. ದೊಡ್ಡ ಮಳೆ ಶುರುವಾಗುವ ಹೊತ್ತಿಗೆ ಅವರು ನಿದ್ದೆಯಲ್ಲೇ ಹೋದರು. ವಯಸ್ಸು ಅಂದರು ಡಾಕ್ಟರು. ನನ್ನ ಗಂಡನೂ ಅದನ್ನೇ ಅಂದ. ಇರಬಹುದು.

ಇಂಗ್ಲೆಂಡಿನ ಹೆಂಗಸು ಫೋನ್ ಮಾಡಿ ಮೊದಲು ಸುಮ್ಮನೆ ಅತ್ತರು. ಆಮೇಲೆ ಕೇಳಿದರು, "ಆ ಹಾಳೆ ನಿಮಗೆ ನೆನಪಿದೆಯಾ?"

"ಇದೆ."

"ಹಾಗಾದರೆ ಬರೆಯಿರಿ. ಅವರು ಬೆರಳಿಟ್ಟು ತೋರಿಸಿದ್ದು ಇದೇ ಅಂತ ಸಹಿ ಹಾಕಿ ಕಳಿಸಿ. ಸಭೆಗೆ ನಾನು ಇಡ್ತೀನಿ. ನಿಮ್ಮ ಮಾತೇ ಸಾಕು ನನಗೆ."

ಸಂಜೆ ಊಟದ ಮೇಜಿನ ಮೇಲೆ ಹಾಳೆ ಹಾಸಿದೆ. ಬರೆಯಲು ಬರುತ್ತದೆ. ನಾನೇ ಎಳೆದ ಗೆರೆಗಳು, ಕೈಗೆ ಗೊತ್ತು. ಬರೆದೂಬಿಟ್ಟೆ. ಆದರೆ ಅದರಲ್ಲಿ ಒಂದು ಗೋಡೆ ತಪ್ಪು. ಅದು ತಪ್ಪು ಎಂದು ಅವರೇ ಹೇಳಿದ್ದಾರೆ, ಸರಿ ಯಾವುದು ಎಂದು ಹೇಳುವಷ್ಟರಲ್ಲಿ ಗಾಜು ತಟ್ಟಿದರು. ಉಳಿದ ಹೊಲಗಳನ್ನೆಲ್ಲ ನಾವು ಆ ಗೋಡೆಯಿಂದಲೇ ಮೇಲಕ್ಕೂ ಕೆಳಕ್ಕೂ ಅಳೆದು ಬರೆದಿದ್ದೆವು. ಅದು ಸರಿದರೆ ಎಲ್ಲವೂ ಸರಿಯುತ್ತವೆ. ಎಷ್ಟು, ಯಾವ ಕಡೆಗೆ, ಗೊತ್ತಿಲ್ಲ.

"ಕಳಿಸಿಬಿಡು ಕಣೇ," ಅಂದ ಗಂಡ. "ಹೊಲ ಇದ್ದದ್ದಂತೂ ನಿಜ ತಾನೇ? ಹತ್ತು ಗಜ ಆಚೆ ಈಚೆ ಆದ್ರೆ ಯಾರಿಗೆ ಗೊತ್ತಾಗುತ್ತೆ?"

"ಅವರಿಗೆ ಗೊತ್ತಾಗ್ತಿತ್ತು."

"ಅವರು ಇಲ್ವಲ್ಲೇ."

"ಅದಕ್ಕೇ."

ಅವನು ತಟ್ಟೆ ಎತ್ತಿಕೊಂಡು ಒಳಗೆ ಹೋದ. ನಾನು ಕಣ್ಣು ಮುಚ್ಚಿ ಕಾರಿನೊಳಗೆ ಹೋಗಿ ಕೂತೆ. ಅದಕ್ಕಿಂತ ಮುಂಚೆ ಆ ನೆನಪು ತಾನಾಗಿ ಬರುತ್ತಿತ್ತು. ಅವತ್ತು ನಾನೇ ಹೋದೆ. ಚಳಿ ಮಗ್ಗುಲು, ಹಸಿವಿನ ದಿಬ್ಬ, ವಿಧವೆಯ ತುಂಡು, ಕರುವಿನ ಹೊಲ. ಅವರು ಕತ್ತು ತಿರುಗಿಸುತ್ತಾರೆ. ಹೇಳುವಾಗ ಅವರ ಎಡಗೈ ಏನಾದರೂ ತೋರಿಸಿತೇ? ಗಾಳಿಯಲ್ಲಿ ಯಾವುದಾದರೂ ಕಡೆ ಓರೆಯಾಯಿತೇ? ಅದು ಹೋಗೋದು, ಅದು ಹೋಗೋದು. ತಟ್ಟುತ್ತಾರೆ. ಮತ್ತೆ ಮೊದಲಿಂದ. ಹೋದಷ್ಟೂ ಸಲ ಆ ಮಣಿಕಟ್ಟಿನ ನರ ಸ್ಪಷ್ಟವಾಗುತ್ತ ಬಂತು, ಅವರ ಮುಖ ಮಸುಕಾಗುತ್ತ ಬಂತು. ಭಯವಾಗಿ ನಿಲ್ಲಿಸಿದೆ. ಬರೆದ ಹಾಳೆಯನ್ನು ಹರಿದೆ. ಬರೀ ಫೋಟೋದ ಪ್ರತಿಯ ಮೇಲೆ ನಾಲ್ಕು ಹೆಸರುಗಳನ್ನು ಕೆಳಗಿಂದ ಮೇಲಕ್ಕೆ ಬರೆದು, ಇವು ಅವರ ಬಾಯಿಂದ ಕೇಳಿದ್ದು, ಜಾಗ ಗೊತ್ತಿಲ್ಲ ಎಂದು ಸಹಿ ಹಾಕಿ ಕಳಿಸಿದೆ.

ಎಲ್ಲೆ ಕೆಳಗೇ ನಿಂತಿತು. ಆ ಹೆಂಗಸು ನನ್ನನ್ನು ದೂರಲಿಲ್ಲ. "ನಾನೂ ನಿಮ್ಮ ಜಾಗದಲ್ಲಿದ್ದರೆ..." ಅಂದರು.

ಒಂದೆರಡು ವರ್ಷದ ಮೇಲೆ, ನಾವು ನೈರೋಬಿ ಬಿಡಲು ಸಾಮಾನು ಕಟ್ಟುತ್ತಿದ್ದಾಗ, ಇಂಗ್ಲೆಂಡಿನಿಂದ ಅವರೊಂದು ಫೋಟೋ ಕಳಿಸಿದರು. ಮೇಲಿನ ಇಳಿಜಾರು. ಕಲ್ಲುಗಳಿಲ್ಲ. ಸಸಿ ನೆಟ್ಟಿದ್ದಾರೆ. ಕುರಿ, ಮೊಲ ತಿನ್ನದಿರಲೆಂದು ಒಂದೊಂದು ಸಸಿಗೂ ಒಂದೊಂದು ಪ್ಲಾಸ್ಟಿಕ್ ಕೊಳವೆ ತೊಡಿಸಿದ್ದಾರೆ. ಇಡೀ ಗುಡ್ಡದ ತುಂಬ, ಸಾಲು ಸಾಲಾಗಿ, ನೆಟ್ಟಗೆ ನಿಂತ ಕೊಳವೆಗಳು. ನಾನು ಫೋಟೋವನ್ನು ಕೆಳಗಿಟ್ಟು ಹೋಗಿ ನೀರು ಕುಡಿದು ಬಂದೆ.

ಮತ್ತೆ ನೋಡಿದಾಗ ಬಲಮೂಲೆಯಲ್ಲಿ, ಕಂದರದ ಅಂಚಿಗೆ, ಯಂತ್ರ ಹತ್ತಲಾಗದ ಕಡೆ, ಗೋಡೆಯ ಒಂದು ಚೂರು ಉಳಿದಿರುವುದು ಕಂಡಿತು. ನಾವು ಬರೆದ ಯಾವ ಗೆರೆಯ ಹಾಗೂ ಇರಲಿಲ್ಲ ಅದು. ಓರೆಯಾಗಿ ನೀರಿನ ಕಡೆಗೆ ಇಳಿಯುತ್ತಿತ್ತು. ಅದೇ ಇರಬಹುದು. ಕುಡುಕ ಕಟ್ಟಿದ ಇನ್ನೊಂದು ಗೋಡೆಯೂ ಇರಬಹುದು. ನಾನು ಬೆರಳನ್ನು ಸೆರಗಿಗೆ ಒರೆಸಿಕೊಂಡು ಅದರ ಮೇಲಿಟ್ಟೆ, ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದೆ, ಆಮೇಲೆ ತೆಗೆದೆ.